ಒಲೆ ಒಂದು, ಕೆಲಸ ಎರಡು

ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಬೀಳುವ ಮಳೆಯ ಏಳು ಪಟ್ಟು ಎಂದುಕೊಳ್ಳಿ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಹೊತ್ತಿಕೊಳ್ಳದು. ಅಂಥ ಊರಿನಲ್ಲಿ ಬೆಳಗ್ಗೆ ಎದ್ದವರಿಗೆ ಕಾಫಿಯಷ್ಟೇ ಮುಖ್ಯವಾದದ್ದು ಒಂದು ಹಂಡೆ ಬಿಸಿನೀರು.

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಮನೆಯಿಂದ ಸ್ವಲ್ಪ ದೂರದಲ್ಲಿ, ಹಿತ್ತಿಲ ಕಡೆಗೆ ಇರುತ್ತದೆ. ಅಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕದಲದಂತೆ ಕೂರಿಸಿದ ತಾಮ್ರದ ದೊಡ್ಡ ಹಂಡೆ. ಒಲೆಯ ಬಾಯಿಗೆ ಅಡಿಕೆ ಸೋಗೆ, ತೆಂಗಿನ ಮಟ್ಟೆ, ಒಂದೆರಡು ದಪ್ಪ ಕುಂಟೆ. ಒಮ್ಮೆ ಹೊತ್ತಿಸಿದರೆ ಮನೆಮಂದಿಯೆಲ್ಲ ಸ್ನಾನ ಮುಗಿಸುವ ತನಕ ಬೆಂಕಿ ಇರಬೇಕು. ಹದಿನಾಲ್ಕು ಜನರ ಮನೆಗೆ ಅದು ಹೇಳಿ ಮಾಡಿಸಿದ ವ್ಯವಸ್ಥೆ. ಒಬ್ಬರೇ ಇರುವ ಮನೆಗೆ ಅಲ್ಲ.

ನನ್ನ ಅಕ್ಕ ಈಗ ಒಬ್ಬಳೇ ಇದ್ದಾಳೆ. ವಯಸ್ಸು 78. ಆಗುಂಬೆಯಿಂದ ಕೆಲವೇ ಮೈಲಿ ದೂರದ ಹಳ್ಳಿ. ಮಂಡಿ ನೋವಿಗೆ ಡಾಕ್ಟರು ಹೇಳಿದ ಮದ್ದುಗಳಲ್ಲಿ ಬಿಸಿನೀರಿನ ಸ್ನಾನವೂ ಒಂದು. ಆದರೆ ಆ ಬಿಸಿನೀರಿಗಾಗಿ ಬೆಳಗ್ಗೆ ಐದಕ್ಕೆ ಎದ್ದು, ಪಾಚಿ ಕಟ್ಟಿದ ಅಂಗಳ ದಾಟಿ, ಬಗ್ಗಿ ಕುಳಿತು ಊದುಕೊಳವೆಯಲ್ಲಿ ಹಸಿ ಸೌದೆ ಊದಬೇಕು. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಮೂಳೆಗೆ ಪಟ್ಟು ಬಿತ್ತು. ಅಂದಿನಿಂದ ಅವಳ ಮಗ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದ: “ಮನೆ ಬೀಗ ಹಾಕಿ ಬೆಂಗಳೂರಿಗೆ ಬಾ.” ಅಕ್ಕನದೂ ಒಂದೇ ಉತ್ತರ: “ದನ ಯಾರು ನೋಡಿಕೊಳ್ಳುತ್ತಾರೆ?”

ದಸರಾ ರಜೆಗೆ ನಾನೂ ಎಂಟನೇ ತರಗತಿ ಓದುವ ಮೊಮ್ಮಗಳೂ ಅಲ್ಲಿಗೆ ಹೊರಟೆವು.

ತುಂಗೆಯ ಜೊತೆ ಜೊತೆಗೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿ ಬಹುಮಟ್ಟಿಗೆ ತುಂಗಾ ನದಿಯ ಜೊತೆಯಲ್ಲೇ ಸಾಗುತ್ತದೆ. ಮೊದಲು ಗಾಜನೂರಿನ ಅಣೆಕಟ್ಟು, ಆಮೇಲೆ ಸಕ್ರೆಬೈಲಿನ ಆನೆ ಬಿಡಾರ, ಅದು ದಾಟಿದರೆ ಮಂಡಗದ್ದೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಬಸ್ಸಿನ ಕಿಟಕಿಯಿಂದಲೇ ಬಿಳಿ ಬಿಳಿ ಚುಕ್ಕೆಗಳಂತೆ ಕಂಡವು. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸುವ ಮೊದಲು ಕುಪ್ಪಳಿಗೂ ಹೋಗಿ ಬಂದೆವು. ಕುವೆಂಪು ಅವರು ಬೆಳೆದ ಮನೆಯಲ್ಲಿ ಹಿಂದಿನ ಕಾಲದ ಪಾತ್ರೆ ಪರಿಕರಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಮೊಮ್ಮಗಳು ಅಷ್ಟೆಲ್ಲ ನೋಡಿ, “ಅಜ್ಜಾ, ಇಷ್ಟು ದೊಡ್ಡ ಪಾತ್ರೆಯನ್ನು ಒಲೆ ಮೇಲಿಂದ ಇಳಿಸುತ್ತಿದ್ದವರು ಯಾರು?” ಎಂದು ಕೇಳಿದಳು. ಕೂಡು ಕುಟುಂಬದಲ್ಲಿ ಕೈಗಳಿಗೆ ಬರ ಇರಲಿಲ್ಲ ಎಂದೆ.

ತೀರ್ಥಹಳ್ಳಿಯಿಂದ ಆಗುಂಬೆಯ ಬಸ್ಸು ಹತ್ತಿದ ಮೇಲೆ ದಾರಿಯ ಎರಡೂ ಕಡೆ ಅಡಿಕೆ ತೋಟ, ಗದ್ದೆ, ನಡುನಡುವೆ ಕಾಡು. ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿದು ಮಳೆ ಬಂತು. ಅಕ್ಕನ ಮನೆ ಮುಟ್ಟಿದಾಗ ಕರೆಂಟ್ ಇರಲಿಲ್ಲ. “ನಿನ್ನೆಯಿಂದ ಇಲ್ಲ ಕಣೋ ತಮ್ಮಾ, ಎಲ್ಲೋ ಮರ ಬಿದ್ದಿರಬೇಕು” ಎಂದಳು, ದಿನದ ಹವಾಮಾನ ಹೇಳಿದಷ್ಟೇ ಸಹಜವಾಗಿ.

ಓದುಗರು ಕೇಳಬಹುದು, ಗೀಸರ್ ಹಾಕಿಸಬಾರದೇ? ಸೋಲಾರ್ ಇಲ್ಲವೇ? ಗೀಸರ್ ಇದೆ. ಮಳೆಗಾಲದಲ್ಲಿ ಕರೆಂಟ್ ಇದ್ದ ದಿನ ಅದು ಕೆಲಸ ಮಾಡುತ್ತದೆ. ಸೋಲಾರ್ ನಮ್ಮ ಬಯಲುಸೀಮೆಯ ತಾರಸಿಗಳಿಗೆ ವರ. ನಾಲ್ಕು ತಿಂಗಳು ಸೂರ್ಯನ ಮುಖವೇ ಕಾಣದ ಕಡೆ ಅದಕ್ಕೂ ರಜೆ. ಬಿಸಿನೀರು ತೀರಾ ಬೇಕಾದ ತಿಂಗಳುಗಳಲ್ಲೇ ಎರಡೂ ಕೈಕೊಡುತ್ತವೆ.

ಮೂರು ಬಾಯಿಯ ಒಲೆ

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿಯುವಾಗ ಒಲೆಯ ಕಡೆ ಗಮನ ಹೋಯಿತು. ಅದು ‘ಅಸ್ತ್ರ ಒಲೆ’. ನಮ್ಮ ವಯಸ್ಸಿನವರಿಗೆ ಆ ಹೆಸರು ನೆನಪಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳ ಕೆಲಸಕ್ಕಾಗಿ ‘ಅಸ್ತ್ರ’ ಎಂಬ ವಿಭಾಗ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರವಿತ್ತು. ಆ ವಿಭಾಗದವರು ರೂಪಿಸಿದ ಒಲೆ ಇದು. ಸೌದೆ ಹಾಕುವ ಬಾಯಿ ಒಂದೇ, ಪಾತ್ರೆ ಇಡುವ ಕುಳಿಗಳು ಮೂರು, ಕೊನೆಯಲ್ಲಿ ಮಾಡು ದಾಟಿ ಮೇಲೆ ಹೋಗುವ ಹೊಗೆಕೊಳವೆ. ಮೊದಲ ಪಾತ್ರೆಗೆ ತಾಗಿ ಉಳಿದ ಬಿಸಿ ಎರಡನೆಯದಕ್ಕೆ, ಅಲ್ಲೂ ಉಳಿದದ್ದು ಮೂರನೆಯದಕ್ಕೆ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಸೌದೆಯೂ ಉಳಿತಾಯ.

ಹಿಂದೆ ಅಕ್ಕನ ಮನೆಯಲ್ಲಿ ಮೂರು ಕುಳಿಗಳ ಮೇಲೂ ಸದಾ ಪಾತ್ರೆ ಇರುತ್ತಿತ್ತು. ಈಗ ಕಾಫಿ, ತಿಂಡಿ, ಕೆಲಸಕ್ಕೆ ಬರುವ ಇಬ್ಬರಿಗೆ ಗಂಜಿ, ದನದ ಅಕ್ಕಚ್ಚು. ಎರಡು ಕುಳಿ ಸಾಕು. ಮೂರನೆಯದರ ಮೇಲೆ ಒಂದು ಚಪ್ಪಡಿ ಕಲ್ಲು ಮುಚ್ಚಿದ್ದಾಳೆ. ಅಂದರೆ ಮೂರನೆಯ ಪಾತ್ರೆಗೆ ಹೋಗಬೇಕಾದ ಬಿಸಿ ಈಗ ನೇರ ಆಕಾಶಕ್ಕೆ ಹೋಗುತ್ತಿದೆ! ಅಡುಗೆಮನೆಯ ಗೋಡೆಯ ಆಚೆಗೆ ಅವಳ ಹೊಸ ಬಚ್ಚಲು ಇದೆ. ಗೀಸರ್ ಹಾಕಿದ್ದು ಅಲ್ಲಿಯೇ.

ಬ್ಯಾಂಕಿನಲ್ಲಿ ಕೂಡಿಸಿ ಕಳೆದ ಕೈ. ಹಳೆಯ ಕ್ಯಾಲೆಂಡರಿನ ಬೆನ್ನಿನಲ್ಲಿ ಲೆಕ್ಕ ಬರೆದೆ. ಮಕ್ಕಳೇ, ನೀವೂ ಮಾಡಿ ನೋಡಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಬೇಕು. 60 ಲೀಟರ್ ನೀರು 23 ಡಿಗ್ರಿಯಿಂದ 44 ಡಿಗ್ರಿಗೆ ಏರಬೇಕಾದರೆ 60ನ್ನು 21ರಿಂದ ಗುಣಿಸಿ: 1260 ಕಿಲೋ ಕ್ಯಾಲೊರಿ. ತೀರಾ ಒಣಗಿರದ ಒಂದು ಕಿಲೋ ಸೌದೆ ಉರಿದರೆ ಸುಮಾರು 3500 ಕಿಲೋ ಕ್ಯಾಲೊರಿ. ಅಕ್ಕ ಬೆಳಗಿನ ಎರಡು ಗಂಟೆಯಲ್ಲಿ ಉರಿಸುವುದು ಸುಮಾರು ಮೂರು ಕಿಲೋ, ಅಂದರೆ 10500. ಅದರಲ್ಲಿ ಎಂಟನೆಯ ಒಂದು ಭಾಗವನ್ನು ಹಿಡಿದು ನಿಲ್ಲಿಸಿದರೆ ಸ್ನಾನದ ನೀರು ಬಿಟ್ಟಿ. ಬಚ್ಚಲೊಲೆಯನ್ನು ಹೊತ್ತಿಸುವುದೇ ಬೇಡ, ಅಂಗಳಕ್ಕೆ ಇಳಿಯುವುದೇ ಬೇಡ.

ಹಿಡಿದು ನಿಲ್ಲಿಸುವುದು ಹೇಗೆ ಎಂಬುದೇ ಪ್ರಶ್ನೆ.

ಹಾಲಿನ ಲೋಟದ ಪಾಠ

ಇದರ ಉತ್ತರ ಪ್ರತಿ ಅಜ್ಜಿಗೂ ಗೊತ್ತು. ಹಾಲು ಬಹಳ ಬಿಸಿ ಎಂದು ಮಗು ಅತ್ತರೆ ಅಜ್ಜಿ ಏನು ಮಾಡುತ್ತಾಳೆ? ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುತ್ತಾಳೆ. ಹಾಲು ಆರುತ್ತದೆ, ನೀರು ಬೆಚ್ಚಗಾಗುತ್ತದೆ, ಎರಡೂ ಬೆರೆಯುವುದಿಲ್ಲ. ನಡುವೆ ಲೋಟದ ಗೋಡೆ ಇದೆ. ಶಾಖ ಮಾತ್ರ ದಾಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇರುವ ಶಾಖ ವಿನಿಮಯ ಯಂತ್ರವೂ ಮೂಲದಲ್ಲಿ ಇಷ್ಟೇ. ಕಾರಿನ ಮುಂಭಾಗದ ರೇಡಿಯೇಟರೂ ಇದೇ ಜಾತಿ.

ದೊಡ್ಡವರನ್ನು ಜೊತೆಗೆ ಕೂರಿಸಿಕೊಂಡು ಒಂದು ಪ್ರಯೋಗ ಮಾಡಿ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಬಿಸಿ ಹಾಲು ತುಂಬಿ ಎರಡನ್ನೂ ಬೇರೆ ಬೇರೆ ತಣ್ಣೀರಿನ ಬೋಗುಣಿಯಲ್ಲಿ ಇಡಿ. ಒಂದನ್ನು ಸುಮ್ಮನೆ ಬಿಡಿ, ಇನ್ನೊಂದನ್ನು ಚಮಚದಿಂದ ಕದಡುತ್ತಿರಿ. ಕದಡಿದ್ದು ಬೇಗ ಆರುತ್ತದೆ. ಕದಡದ ಲೋಟದಲ್ಲಿ ಗೋಡೆಗೆ ತಾಗಿದ ಹಾಲು ಮಾತ್ರ ಆರುತ್ತದೆ, ನಡುವಿನ ಹಾಲಿಗೆ ಗೋಡೆಯ ಹತ್ತಿರ ಬರುವ ಸರದಿಯೇ ನಿಧಾನ. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ತೀರ್ಥಹಳ್ಳಿಯ ಪಾತ್ರೆ ಅಂಗಡಿಯಲ್ಲಿ ತಾಮ್ರದ ಬಾಯ್ಲರಿನ ಬೆಲೆ ಕೇಳಿದೆವು. ಉತ್ತರ ಕರ್ನಾಟಕದವರು ಬಂಬ ಎನ್ನುವುದೂ ಇದನ್ನೇ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಬೆಲೆ ಕೇಳಿ ಮೊಮ್ಮಗಳೇ ನನ್ನ ಕೈ ಹಿಡಿದು ಹೊರಗೆ ಕರೆತಂದಳು. ಆಮೇಲೆ ಹೋದದ್ದು ಪೇಟೆಯ ಅಂಚಿನ ಒಂದು ವೆಲ್ಡಿಂಗ್ ಅಂಗಡಿಗೆ. ಗೇಟು, ಕಿಟಕಿ ಸರಳು, ಟ್ರಾಕ್ಟರಿನ ಟ್ರೇಲರು ಮಾಡುವವರು. ಮಧ್ಯವಯಸ್ಸಿನ ಮನುಷ್ಯ. ನನ್ನ ಕ್ಯಾಲೆಂಡರನ್ನು ಪೂರ್ತಿ ನೋಡಿ ಕೇಳಿದರು: “ತಾಮ್ರವೇ ಯಾಕೆ ಸಾರ್?”

“ತಾಮ್ರದಲ್ಲಿ ಶಾಖ ಬೇಗ ಹರಿಯುತ್ತದಲ್ಲ?”

“ಹರಿಯುತ್ತೆ. ಆದರೆ ತಡ ಆಗೋದು ಲೋಹದಲ್ಲಲ್ಲ, ಹೊಗೆಯಲ್ಲಿ. ಹೊಗೆಯಿಂದ ಗೋಡೆಗೆ ಬಿಸಿ ಬರೋದೇ ಕಷ್ಟ. ಗೋಡೆಗೆ ಬಂದ ಮೇಲೆ ತಾಮ್ರವಾದರೇನು, ಕಬ್ಬಿಣವಾದರೇನು, ಕ್ಷಣದಲ್ಲಿ ದಾಟುತ್ತೆ.”

ಆ ಮಾತು ನಿಜ. ಕಬ್ಬಿಣಕ್ಕಿಂತ ತಾಮ್ರ ಶಾಖವನ್ನು ಎಷ್ಟೋ ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದರೆ ಮೂರು ಮಿಲಿಮೀಟರ್ ದಪ್ಪದ ತಗಡನ್ನು ದಾಟುವುದು ಶಾಖಕ್ಕೆ ಯಾವ ಲೋಹದಲ್ಲೂ ದೊಡ್ಡ ಕೆಲಸವಲ್ಲ. ಒಂದು ಸೇತುವೆಯ ಮುಂದೆ ಮೈಲುಗಟ್ಟಲೆ ಕೆಸರು ದಾರಿ ಇದ್ದರೆ, ಸೇತುವೆಗೆ ಅಮೃತಶಿಲೆ ಹಾಸಿ ಏನು ಪ್ರಯೋಜನ? ದುಡ್ಡು ಹಾಕಬೇಕಾದದ್ದು ದಾರಿಗೆ. ಹೊಗೆ ಹೆಚ್ಚು ಗೋಡೆಗೆ ತಾಗಬೇಕು, ಲೋಟದ ಹಾಲಿನಂತೆ ಕದಡಿಕೊಂಡು ಹೋಗಬೇಕು. ತಾಮ್ರದ ಕಿಲೋ ಬೆಲೆ ಕಬ್ಬಿಣದ ಹತ್ತು ಪಟ್ಟಿಗೂ ಮೇಲೆ. ಅಂಗಡಿಯ ಬೆಲೆಗೂ ನಮ್ಮ ಜೇಬಿಗೂ ಇದ್ದ ಅಂತರ ಆ ಒಂದು ಮಾತಿನಲ್ಲಿ ಕರಗಿತು.

ಕೊಳವೆಯೊಳಗೆ ಕೊಳವೆ

ಅವರು ಮಾಡಿದ್ದು ಇಷ್ಟು. ಆರು ಇಂಚು ಅಗಲದ, ಮೂರು ಅಡಿ ಉದ್ದದ ಕಬ್ಬಿಣದ ಕೊಳವೆ. ಅದರ ಹೊರಗೆ ಎಂಟು ಇಂಚಿನ ಇನ್ನೊಂದು ಕೊಳವೆ. ಎರಡರ ನಡುವಿನ ಸಂದನ್ನು ಮೇಲೂ ಕೆಳಗೂ ಉಂಗುರದಂಥ ತಗಡಿನಿಂದ ಮುಚ್ಚಿ ಬೆಸುಗೆ. ಒಳಗಿನ ಕೊಳವೆಯಲ್ಲಿ ಹೊಗೆ, ಸಂದಿನಲ್ಲಿ ನೀರು. ಸಂದಿನಲ್ಲಿ ಹಿಡಿಸುವುದು ಸುಮಾರು 12 ಲೀಟರ್. ಹೊಗೆ ತಾಗುವ ಗೋಡೆಯ ವಿಸ್ತಾರವನ್ನು ಮೊಮ್ಮಗಳು ಲೆಕ್ಕ ಹಾಕಿದಳು: ಹಳೆಯ ಹಂಡೆಯ ತಳಕ್ಕಿಂತ ಸುಮಾರು ಎರಡು ಪಟ್ಟು. ಈ ಜೋಡಿ ಕೊಳವೆಯನ್ನು ಒಲೆಯ ಹೊಗೆಕೊಳವೆಯ ಕೆಳಗಿನ ತುಂಡಿನ ಜಾಗದಲ್ಲಿ ನಿಲ್ಲಿಸಬೇಕು.

ಪಕ್ಕದ ಅಟ್ಟದ ಮೇಲೆ 50 ಲೀಟರಿನ ಹಳೆಯ ಸ್ಟೀಲ್ ಡ್ರಮ್ ಇಟ್ಟೆವು. ಕೊಳವೆಯ ಕೆಳಭಾಗದಿಂದ ಒಂದು ನಳಿಕೆ, ಮೇಲ್ಭಾಗದಿಂದ ಇನ್ನೊಂದು, ಎರಡೂ ಡ್ರಮ್ಮಿಗೆ. ಪಂಪು ಬೇಡ. ಬಿಸಿಯಾದ ನೀರು ಹಗುರಾಗಿ ಮೇಲಿನ ನಳಿಕೆಯಿಂದ ಡ್ರಮ್ಮಿಗೆ ಏರುತ್ತದೆ, ಡ್ರಮ್ಮಿನ ತಣ್ಣೀರು ಭಾರವಾಗಿ ಕೆಳಗಿನ ನಳಿಕೆಯಿಂದ ಇಳಿಯುತ್ತದೆ. ಬೆಂಕಿ ಇರುವಷ್ಟು ಹೊತ್ತೂ ನೀರು ತಾನಾಗಿಯೇ ಸುತ್ತುತ್ತದೆ. ತಾರಸಿಯ ಸೋಲಾರ್ ಹೀಟರಿನಲ್ಲೂ ಇದೇ ತತ್ವ.

ಡ್ರಮ್ಮಿನ ಮೂರು ತೂತುಗಳ ಜಾಗ ಮುಖ್ಯ. ತಣ್ಣೀರು ಇಳಿಯುವ ತೂತು ತಳಕ್ಕೆ ಹತ್ತಿರ. ಬಿಸಿನೀರು ಬರುವ ತೂತು ಅದಕ್ಕಿಂತ ನಾಲ್ಕು ಬೆರಳು ಮೇಲೆ. ಬಚ್ಚಲಿಗೆ ಹೋಗುವ ನಲ್ಲಿಯ ತೂತು ಇವೆರಡಕ್ಕೂ ಮೇಲೆ. ಯಾಕೆಂದರೆ ನಲ್ಲಿಯನ್ನು ಎಷ್ಟು ಬಿಟ್ಟರೂ ಕೆಳಗಿನ ಎರಡು ತೂತುಗಳು ನೀರಿನಲ್ಲಿ ಮುಳುಗಿಯೇ ಇರುತ್ತವೆ. ಬೆಂಕಿಯ ಮೇಲಿನ ಕೊಳವೆ ಯಾವತ್ತೂ ಬರಿದಾಗದು.

ಕೊನೆಯದಾಗಿ, ಹೊಗೆಯನ್ನು ಕದಡುವ ಚಮಚ. ಐದು ಇಂಚು ಅಗಲದ ತಗಡಿನ ಪಟ್ಟಿಯನ್ನು ಹಗ್ಗ ತಿರುಚಿದಂತೆ ತಿರುಚಿ ಒಳಗಿನ ಕೊಳವೆಗೆ ಇಳಿಬಿಟ್ಟರು. ನೇರ ಹೋಗಬೇಕಾದ ಹೊಗೆ ಸುತ್ತಿ ಸುತ್ತಿ ಗೋಡೆ ಸವರಿಕೊಂಡು ಏರಬೇಕು. ಮೊದಲ ದಿನ ಆ ಪಟ್ಟಿಗೆ ಎಂಟು ಸುತ್ತು ಕೊಟ್ಟಿದ್ದರು. ಒಲೆ ಹೊತ್ತಿಸಿದ್ದೇ ತಡ, ಹೊಗೆ ಮೇಲೆ ಹೋಗಲಾರದೆ ಅಡುಗೆಮನೆಗೆ ನುಗ್ಗಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. “ಇಷ್ಟು ವರ್ಷ ಹೊಗೆ ಇಲ್ಲದ ಒಲೆ ನನ್ನದು. ಬಿಸಿನೀರು ಬೇಡ, ನನ್ನ ಒಲೆ ನನಗೆ ಕೊಟ್ಟುಬಿಡಿ” ಎಂದಳು. ಆ ಕೆಲಸ ಅಂದೇ ನಿಂತು ಹೋಗುತ್ತಿತ್ತು.

ವೆಲ್ಡಿಂಗಿನವರು ಬೇಸರಿಸಲಿಲ್ಲ. ಪಟ್ಟಿ ಎಳೆದು ತೆಗೆದು, ಬಿಚ್ಚಿ, ಮೂರೇ ಸುತ್ತಿಗೆ ಇಳಿಸಿದರು. “ಹೊಗೆ ಬಿಸಿಯಾಗಿದ್ದರೇ ಮೇಲೆ ಹೋಗೋದು ಅಮ್ಮಾ. ಅದರ ಬಿಸಿಯೆಲ್ಲ ನಾವೇ ಕಿತ್ತುಕೊಂಡರೆ, ದಾರಿಯಲ್ಲೂ ಅಡ್ಡ ನಿಂತರೆ, ಅದು ಇಲ್ಲೇ ಕೂರುತ್ತೆ” ಎಂದು ಅಕ್ಕನಿಗೆ ವಿವರಿಸಿದರು. ಹೊಗೆ ತೀರಾ ತಣ್ಣಗಾದರೆ ಅದರಲ್ಲಿರುವ ಟಾರಿನಂಥ ಅಂಟು ಕೊಳವೆಗೆ ಮೆತ್ತಿಕೊಳ್ಳುತ್ತದೆ ಎಂದೂ ಹೇಳಿದರು. ಎರಡನೆಯ ಸಲ ಹೊತ್ತಿಸಿದಾಗ ಹೊಗೆ ಮರ್ಯಾದೆಯಿಂದ ಮಾಡಿನ ಮೇಲೆ ಹೋಯಿತು. ಅಕ್ಕ ಹೊರಗೆ ನಿಂತು ಅದನ್ನು ನೋಡಿ, ಆಮೇಲೆ ಒಳಗೆ ಬಂದಳು.

ಖರ್ಚಿನ ಲೆಕ್ಕ: ಗುಜರಿ ಕಬ್ಬಿಣ 1400, ನಳಿಕೆಗಳು 900, ಕೂಲಿ 2000, ಸಣ್ಣಪುಟ್ಟ ಸಾಮಾನು 300. ಒಟ್ಟು 4600 ರೂಪಾಯಿ. ಪಾತ್ರೆ ಅಂಗಡಿಯಲ್ಲಿ ಹೇಳಿದ ಬೆಲೆ ಇದರ ಮೂರು ಪಟ್ಟಿಗಿಂತ ಹೆಚ್ಚಿತ್ತು. ಡ್ರಮ್ಮಿನ ಸುತ್ತ ಗೋಣಿಚೀಲ ಹೊಲಿದು ನಡುವೆ ಭತ್ತದ ಹೊಟ್ಟು ತುಂಬಿದ್ದು ಮೊಮ್ಮಗಳ ಕೆಲಸ. ಅದಕ್ಕೆ ಖರ್ಚಿಲ್ಲ.

ಮುಚ್ಚಬಾರದ ಮುಚ್ಚಳ

ಇದನ್ನು ಓದಿ ಯಾರಾದರೂ ಮಾಡಿಸಲು ಹೊರಟರೆ ಒಂದು ಮಾತನ್ನು ಮಾತ್ರ ಕಡೆಗಣಿಸಬೇಡಿ. ನಮ್ಮ ಡ್ರಮ್ಮಿನ ಮುಚ್ಚಳವನ್ನು ಸುಮ್ಮನೆ ಮೇಲೆ ಇಟ್ಟಿದೆ, ತಿರುಪು ಹಾಕಿಲ್ಲ. ಎರಡು ನಳಿಕೆಗಳ ನಡುವೆ ಎಲ್ಲೂ ವಾಲ್ವ್ ಇಲ್ಲ. ನೀರು ಅಕಸ್ಮಾತ್ ಕುದಿದರೂ ಆವಿಗೆ ಹೋಗಲು ದಾರಿ ಇದೆ. ನೀರು ಆವಿಯಾದರೆ ಸಾವಿರ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಕುಕ್ಕರಿಗೆ ಸೀಟಿ ಇಟ್ಟಿರುವುದು ಅದಕ್ಕೇ. ಬೆಂಕಿಗೆ ಒಡ್ಡಿದ ನೀರಿನ ಪಾತ್ರೆಯನ್ನು ಎಲ್ಲ ಕಡೆ ಬಿಗಿದು ಮುಚ್ಚಿದರೆ ಅದು ಬಾಂಬಿಗೆ ಸಮ. ಅಂದ ಕಾಣಲಿ ಎಂದು ಮುಚ್ಚಳಕ್ಕೆ ಬೋಲ್ಟ್ ಹಾಕಿಸುವುದು, ನೀರು ನಿಲ್ಲಿಸಲು ಅನುಕೂಲ ಎಂದು ನಡುವೆ ವಾಲ್ವ್ ಕೂರಿಸುವುದು, ಇವೆರಡೂ ಕೂಡದು. ಕೊಳವೆಯಲ್ಲಿ ನೀರಿಲ್ಲದೆ ಒಲೆ ಹೊತ್ತಿಸಲೂ ಕೂಡದು. ಕಬ್ಬಿಣದ ತುಕ್ಕು ಸ್ವಲ್ಪ ಸ್ವಲ್ಪ ಬಿಡುವುದರಿಂದ ಈ ನೀರು ಸ್ನಾನಕ್ಕೆ, ಪಾತ್ರೆ ತೊಳೆಯಲು ಮಾತ್ರ. ಕುಡಿಯಲು ಅಲ್ಲ. ಕಬ್ಬಿಣವಾದ್ದರಿಂದ ಕೆಲವು ವರ್ಷಗಳ ನಂತರ ಬದಲಿಸಬೇಕಾದೀತು ಎಂಬುದನ್ನೂ ವೆಲ್ಡಿಂಗಿನವರು ಮೊದಲೇ ಹೇಳಿಬಿಟ್ಟರು.

ಜುಲೈಯಲ್ಲಿ ಮತ್ತೊಮ್ಮೆ

ಪರೀಕ್ಷೆ ನಡೆಯಬೇಕಾದದ್ದು ಮಳೆಗಾಲದಲ್ಲಿ. ಮರುವರ್ಷ ಜುಲೈಯಲ್ಲಿ ನಾನೊಬ್ಬನೇ ಹೋದೆ. ಮೊಮ್ಮಗಳಿಗೆ ಶಾಲೆ ಇತ್ತು. ಅವಳು ಒಂದು ಥರ್ಮಾಮೀಟರ್ ಕೊಟ್ಟು, ಅರ್ಧ ಗಂಟೆಗೊಮ್ಮೆ ಬರೆದುಕೊಂಡು ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದಳು.

ಮಂಡಗದ್ದೆಯಲ್ಲಿ ಹೊಳೆ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಕ್ಕನ ಊರಿನಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ. ಬೆಳಗ್ಗೆ ಐದೂವರೆಗೆ ಅವಳು ಕಾಫಿಗೆ ಒಲೆ ಹೊತ್ತಿಸಿದಳು. ಆಗ ಡ್ರಮ್ಮಿನ ನೀರು 23 ಡಿಗ್ರಿ. ಆರಕ್ಕೆ 27, ಆರೂವರೆಗೆ 33, ಏಳಕ್ಕೆ 39. ಏಳೂವರೆಗೆ ಅಕ್ಕಚ್ಚಿನ ಪಾತ್ರೆ ಇಳಿಸುವ ಹೊತ್ತಿಗೆ 44. ಕ್ಯಾಲೆಂಡರಿನ ಲೆಕ್ಕಕ್ಕೂ ಡ್ರಮ್ಮಿನ ಲೆಕ್ಕಕ್ಕೂ ತಾಳೆಯಾಯಿತು. ಬ್ಯಾಂಕಿನವನಿಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ. ಇಷ್ಟೇ ನೀರನ್ನು ಗೀಸರಿನಲ್ಲಿ ಕಾಯಿಸಿದ್ದರೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಬೇಕಾಗುತ್ತಿತ್ತು. ಅದು ದೊಡ್ಡ ಮೊತ್ತವಲ್ಲ, ಆದರೆ ತಂತಿಯಲ್ಲಿ ವಿದ್ಯುತ್ ಇರಬೇಕಲ್ಲ!

ಅಕ್ಕ ಒಳಗಿನಿಂದಲೇ ಬಚ್ಚಲಿಗೆ ಹೋದಳು. ಸ್ನಾನ ಮುಗಿಸಿ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, “ಈ ಮಳೆಗಾಲದಲ್ಲಿ ಒಂದು ದಿನವೂ ಆ ಹಾಳು ಅಂಗಳಕ್ಕೆ ಕತ್ತಲೆಯಲ್ಲಿ ಇಳಿದಿಲ್ಲ” ಎಂದಳು. ಮಗ ಫೋನ್ ಮಾಡುವುದನ್ನು ಬಿಟ್ಟಿಲ್ಲ. ಬೆಂಗಳೂರಿಗೆ ಬಾ ಎನ್ನುವುದು ಮಾತ್ರ ವಾರಕ್ಕೊಮ್ಮೆಯಿಂದ ತಿಂಗಳಿಗೊಮ್ಮೆಗೆ ಇಳಿದಿದೆಯಂತೆ.

ಹದಿನೈದು ದಿನಕ್ಕೊಮ್ಮೆ ತಿರುಚಿದ ಪಟ್ಟಿಯನ್ನು ಹೊರಗೆಳೆದು, ಒಳಗಿನ ಕೊಳವೆಯ ಮಸಿಯನ್ನು ಕೆರೆಯಬೇಕು. ಮಸಿಯ ಪದರ ಶಾಖಕ್ಕೆ ಕಂಬಳಿ ಹೊದಿಸಿದಂತೆ, ಬಿಟ್ಟರೆ ನೀರು ಕಾಯುವುದು ತಡವಾಗುತ್ತದೆ. ಆ ಕೆಲಸ ಅಕ್ಕನಿಂದ ಆಗದು. ಪಕ್ಕದ ಮನೆಯ ಹುಡುಗ ಒಂಬತ್ತನೇ ತರಗತಿಯವನು, ಭಾನುವಾರ ಬಂದು ಮಾಡಿಕೊಡುತ್ತಾನೆ. ಅಕ್ಕ ಅವನಿಗೆ ಕೊಡುವ ಸಂಬಳ ಎರಡು ಹಲಸಿನಹಣ್ಣಿನ ಕಡುಬು. ಈಗ ಅವನ ಮನೆಯವರೂ ತಮ್ಮ ಒಲೆಗೆ ಇಂಥದೊಂದು ಮಾಡಿಸಬೇಕೆಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಪಟ್ಟಿಗೆ ಮೂರೇ ಸುತ್ತು ಎಂದು ಆ ಹುಡುಗನೇ ಕಾಗದದ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದಿದ್ದ.